ಮೈಯೊಳಗಿನ ಉಪ್ಪು ಮತ್ತು ನೀರು

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತಪ್ಪು ಮಾಡಿದವನು ಅದರ ಫಲವನ್ನು ಉಣ್ಣಬೇಕೆಂಬ ಅರ್ಥದಲ್ಲಿ ನಾವು ಅದನ್ನು ಬಳಸುತ್ತೇವೆ. ತರಗತಿಯಲ್ಲಿ ಗಾದೆಗಳ ವಿಸ್ತರಣೆ ಬರೆಯಿಸುವಾಗ ನಾನೂ ಹಾಗೆಯೇ ಹೇಳಿಕೊಡುತ್ತ ಬಂದಿದ್ದೇನೆ. ಆದರೆ ಆ ಗಾದೆಯ ಅಕ್ಷರಾರ್ಥವೂ ಅಷ್ಟೇ ನಿಜವಾದುದು. ಅದಕ್ಕೆ ಇನ್ನೊಂದು ಮಗ್ಗುಲೂ ಉಂಟು: ಬೆವರಿಯೋ ಭೇದಿಯಿಂದಲೋ ಮೈ ಸೋತು ನೀರು ಕುಡಿದವನಿಗೆ ಉಪ್ಪೂ ಬೇಕು. ಈ ಎರಡನೆಯ ಮಾತನ್ನು ಮರೆತದ್ದರಿಂದ ಎಷ್ಟೋ ಮನೆಗಳಲ್ಲಿ ಜೀವಹಾನಿಯಾಗಿದೆ. ನಾನು ವೈದ್ಯನಲ್ಲ, ಕನ್ನಡ ಕಲಿಸುವ ಮಾಸ್ತರ. ಆದರೂ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ಸಂಗತಿಯಿದು ಎಂದು ಬಗೆದು ವಾಚಕರ ಮುಂದಿಡುತ್ತಿದ್ದೇನೆ.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಬರುವ ಜನರನ್ನು ನೋಡಿರಿ. ರಾಮದುರ್ಗದ ಕಡೆಯಿಂದ, ಬೈಲಹೊಂಗಲದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರು, ‘ಉಧೋ ಉಧೋ’ ಎನ್ನುತ್ತ ನಡೆದೇ ಬರುವವರು ಇಂದಿಗೂ ಇದ್ದಾರೆ. ಗುಡ್ಡ ಏರುವ ಹೊತ್ತಿಗೆ ಅವರ ಅಂಗಿಯ ಬೆನ್ನಿನ ಮೇಲೆ ಬೆವರು ಒಣಗಿ ಬೆಳ್ಳನೆಯ ಗೆರೆಗಳು ಮೂಡಿರುತ್ತವೆ. ಆ ಬಿಳುಪು ಮತ್ತೇನೂ ಅಲ್ಲ, ಉಪ್ಪು. ಒಂದು ಲೀಟರ್ ಬೆವರಿನೊಡನೆ ಸಾಮಾನ್ಯವಾಗಿ ೧ರಿಂದ ೪ ಗ್ರಾಮಿನಷ್ಟು ಉಪ್ಪು ಮೈಯಿಂದ ಹೊರಬೀಳುತ್ತದೆ. ಇನ್ನು ಅವರ ಬುತ್ತಿಯ ಗಂಟನ್ನು ಬಿಚ್ಚಿ ನೋಡಿರಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ, ಉಳ್ಳಾಗಡ್ಡಿ, ಜೊತೆಗೊಂದಿಷ್ಟು ಉಪ್ಪು ಹಾಕಿದ ಮಜ್ಜಿಗೆ. ಹೋದುದನ್ನು ಮೈಗೆ ಮರಳಿ ಕೊಡುವ ಏರ್ಪಾಡು ಆ ಗಂಟಿನಲ್ಲಿಯೇ ಇದೆ. ಹಿರಿಯರು ಇದನ್ನು ಶಾಸ್ತ್ರ ಓದಿ ಕಲಿತದ್ದಲ್ಲ, ದುಡಿದು ಕಲಿತದ್ದು.

ಶಾಸ್ತ್ರ ಹೇಳುವುದೇನು ಎಂಬುದನ್ನು ಈಗ ನೋಡೋಣ. ವೈದ್ಯರು ‘ಇಲೆಕ್ಟ್ರೊಲೈಟ್’ ಎನ್ನುವ ವಸ್ತುವಿಗೆ ನಮ್ಮ ವಿಜ್ಞಾನದ ಪುಸ್ತಕಗಳಲ್ಲಿ ‘ವಿದ್ಯುದ್ವಿಭಾಜ್ಯ’ ಎಂದು ಹೆಸರು. ಮಕ್ಕಳು ಹೆದರುವ ಈ ಶಬ್ದವನ್ನು ಬಿಡಿಸಿದರೆ ವಿದ್ಯುತ್ ಮತ್ತು ವಿಭಾಜ್ಯ, ಜಶ್ತ್ವ ಸಂಧಿ. ಉಪ್ಪಿನ ಹರಳನ್ನು ನೀರಿಗೆ ಹಾಕಿದರೆ ಅದು ಕರಗಿ ಕಣ್ಮರೆಯಾಗುವುದಷ್ಟೆ. ಆಗ ಅದು ಸೋಡಿಯಂ, ಕ್ಲೋರೈಡ್ ಎಂಬ ಎರಡು ಬಗೆಯ ಕಣಗಳಾಗಿ ಒಡೆಯುತ್ತದೆ. ಒಂದು ಬಗೆಯ ಕಣಕ್ಕೆ ಧನ ವಿದ್ಯುತ್ತು, ಇನ್ನೊಂದಕ್ಕೆ ಋಣ ವಿದ್ಯುತ್ತು. ಇಂಥ ಕಣಗಳನ್ನು ೧೮೩೪ರಲ್ಲಿ ಮೈಕೇಲ್ ಫ್ಯಾರಡೆ ಎಂಬ ವಿಜ್ಞಾನಿಯು ‘ಅಯಾನು’ ಎಂದು ಕರೆದನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ಹೋಗುವಂಥದು’ ಎಂದರ್ಥ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್ ಮೊದಲಾದವು ನಮ್ಮ ಮೈಯೊಳಗೆ ಹೀಗೆ ಸಂಚರಿಸುತ್ತಿರುವ ಕಣಗಳು.

೬೦ ಕಿಲೋ ತೂಗುವ ಗಂಡಾಳಿನ ಮೈಯಲ್ಲಿ ಸುಮಾರು ೩೬ ಲೀಟರ್ ನೀರೇ ಇರುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗೆ, ಒಂದು ಪಾಲು ಹೊರಗೆ. ಹೊರಗಿನ ನೀರಿನಲ್ಲಿ ಸೋಡಿಯಂ ಹೆಚ್ಚು, ಒಳಗಿನ ನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಈ ವ್ಯತ್ಯಾಸ ತಾನಾಗಿಯೇ ನಿಲ್ಲುವುದಿಲ್ಲ. ಪ್ರತಿಯೊಂದು ಜೀವಕೋಶದ ಗೋಡೆಯಲ್ಲಿಯೂ ಏತದಂತೆ ಎಡೆಬಿಡದೆ ದುಡಿಯುವ ಒಂದು ಏರ್ಪಾಡುಂಟು. ಅದು ಮೂರು ಸೋಡಿಯಂ ಕಣಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ. ಇದನ್ನು ೧೯೫೭ರಲ್ಲಿ ಬೆಳಕಿಗೆ ತಂದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ ೧೯೯೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಏತದ ದುಡಿಮೆಯ ಬಲದಿಂದಲೇ ನರಗಳು ಸುದ್ದಿ ಒಯ್ಯುತ್ತವೆ, ಸ್ನಾಯುಗಳು ಬಿಗಿದು ಸಡಿಲುತ್ತವೆ, ಎದೆ ಬಡಿಯುತ್ತದೆ.

ಎದೆಬಡಿತಕ್ಕೂ ಉಪ್ಪಿಗೂ ಇರುವ ನಂಟು ತಿಳಿದುಬಂದ ಕಥೆ ಸ್ವಾರಸ್ಯವಾಗಿದೆ. ೧೮೮೦ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಪರೀಕ್ಷಿಸುತ್ತಿದ್ದರು. ಆ ನೀರನ್ನು ಭಟ್ಟಿ ಇಳಿಸಿದ ಶುದ್ಧ ಜಲದಿಂದ ಮಾಡಬೇಕಾಗಿದ್ದಿತು. ಒಮ್ಮೆ ಅದನ್ನು ನಳದ ನೀರಿನಿಂದ ಮಾಡಲಾಗಿ ಹೃದಯವು ಬಹಳ ಹೊತ್ತು ಬಡಿಯಿತು. ಶುದ್ಧ ಜಲದಿಂದ ಮಾಡಿದಾಗ ಬೇಗನೆ ನಿಂತಿತು. ಕಾರಣ ಹುಡುಕಿದಾಗ ನಳದ ನೀರಿನಲ್ಲಿದ್ದ ಕ್ಯಾಲ್ಸಿಯಂ ಎಂದು ಗೊತ್ತಾಯಿತು. ಇಂದು ದವಾಖಾನೆಯಲ್ಲಿ ತೂಗುಹಾಕುವ ‘ರಿಂಗರ್ ಲ್ಯಾಕ್ಟೇಟ್’ ಬಾಟಲಿಯ ಮೇಲೆ ಇರುವುದು ಅವರ ಹೆಸರೇ.

ಈ ಎಲ್ಲ ಲೆಕ್ಕವನ್ನು ಕಾಯುವ ಕಾರಕೂನರು ನಮ್ಮ ಎರಡು ಮೂತ್ರಪಿಂಡಗಳು. ಅವು ದಿನವೊಂದಕ್ಕೆ ಸುಮಾರು ೧೮೦ ಲೀಟರ್ ದ್ರವವನ್ನು ಸೋಸಿ, ಒಂದೆರಡು ಲೀಟರನ್ನು ಮಾತ್ರ ಹೊರಬಿಟ್ಟು, ಉಳಿದುದನ್ನೆಲ್ಲ ರಕ್ತಕ್ಕೆ ಮರಳಿಸುತ್ತವೆ. ಉಪ್ಪು ಹೆಚ್ಚಾದರೆ ಹೊರಹಾಕುತ್ತವೆ, ಕಡಿಮೆಯಾದರೆ ಹಿಡಿದಿಡುತ್ತವೆ. ರಕ್ತಪರೀಕ್ಷೆಯ ಕಾಗದದಲ್ಲಿ ಸೋಡಿಯಂ ೧೩೫ರಿಂದ ೧೪೫, ಪೊಟ್ಯಾಸಿಯಂ ೩.೫ರಿಂದ ೫ ಎಂದು ಬರೆದಿರುವುದನ್ನು ಹಲವರು ನೋಡಿರಬಹುದು. ನಾವು ಏನು ಉಂಡರೂ ಎಷ್ಟು ಕುಡಿದರೂ ಈ ಕಿರಿದಾದ ಮೇರೆಯೊಳಗೇ ಅವು ನಿಲ್ಲಬೇಕು.

ಆದರೆ ಹೊರಹೋಗುವುದು ವಿಪರೀತವಾದಾಗ ಮೂತ್ರಪಿಂಡಗಳ ಕೈಯೂ ಸಾಗದು. ಕೆಲವು ವರ್ಷಗಳ ಹಿಂದೆ ಒಂದು ದಿನ, ಬಿಸಿಲಿನಲ್ಲಿ, ವಿದ್ಯಾರ್ಥಿಗಳನ್ನು ಕಿತ್ತೂರಿನ ಕೋಟೆ ನೋಡಲು ಕರೆದೊಯ್ದಿದ್ದೆ. ಚೆನ್ನಮ್ಮನ ಅರಮನೆಯ ಹಾಳುಗೋಡೆಗಳ ನಡುವೆ ಹುಡುಗರು ಮಧ್ಯಾಹ್ನದವರೆಗೆ ಓಡಾಡಿದರು. ಒಬ್ಬ ಹುಡುಗ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬರಿಯ ನೀರನ್ನು ಬಾಟಲಿಗಟ್ಟಲೆ ಕುಡಿದಿದ್ದ. ಮೀನಗಂಡ ಹಿಡಿದು, ತಲೆ ತಿರುಗಿ, ವಾಂತಿ ಮಾಡಿಕೊಂಡು ಕುಳಿತುಬಿಟ್ಟ. ‘ನೀರ ಕುಡದೇನ್ರಿ ಸರ್, ಭಾಳ ಕುಡದೇನಿ’ ಎಂದೇ ಹೇಳುತ್ತಿದ್ದ. ನೆರಳಿನಲ್ಲಿ ಮಲಗಿಸಿ, ಉಪ್ಪು ಸಕ್ಕರೆ ಹಾಕಿದ ಲಿಂಬಿಹಣ್ಣಿನ ಶರಬತ್ತನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ದವಾಖಾನೆಗೆ ತೋರಿಸಿದೆವು. ಸಂಜೆಯ ಹೊತ್ತಿಗೆ ಗೆಲುವಾದ. ಮುಂದೆ ಓದುವಾಗ ತಿಳಿಯಿತು: ೧೯೨೩ರಲ್ಲಿಯೇ ಇಂಗ್ಲೆಂಡಿನ ಕೆ. ನೆವಿಲ್ ಮಾಸ್ ಎಂಬವರು ಕಲ್ಲಿದ್ದಲ ಗಣಿಯ ಆಳುಗಳ ಮೈಸೆಳೆತಕ್ಕೆ ಇದೇ ಕಾರಣವನ್ನು ಕಂಡಿದ್ದರು. ಬೆವರಿನಲ್ಲಿ ಹೋದದ್ದು ನೀರು ಮತ್ತು ಉಪ್ಪು, ಮರಳಿ ಸೇರಿದ್ದು ನೀರು ಮಾತ್ರ. ಹೀಗಾದಾಗ ರಕ್ತದಲ್ಲಿರುವ ಸೋಡಿಯಂ ತೆಳುವಾಗುತ್ತದೆ. ಅದು ತೀರ ತೆಳುವಾದರೆ ನೀರು ಮಿದುಳಿನ ಕೋಶಗಳೊಳಗೆ ನುಗ್ಗಿ ತಲೆನೋವು, ಮಂಕು, ಕೊನೆಗೆ ಸೆಳವು ಕೂಡ ಬರಬಹುದು.

ಇದಕ್ಕಿಂತಲೂ ಭಯಂಕರವಾದುದು ವಾಂತಿಭೇದಿ. ಕಾಲರಾ ಬೇನೆ ಬಲವಾಗಿ ತಗಲಿದ ದೊಡ್ಡವರ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗುವುದುಂಟು. ಕೂಸುಗಳಿಗೆ ಸಾಮಾನ್ಯ ಭೇದಿಯೂ ಸಾಕು.

ನಾನು ರಾಮದುರ್ಗದಲ್ಲಿ ಮೂರನೆಯ ಇಯತ್ತೆ ಓದುತ್ತಿದ್ದೆ. ೧೯೭೯ರ ಸುಮಾರಿನ ಮಾತು. ನಮ್ಮ ಓಣಿಯಲ್ಲಿ ನೇಕಾರರ ಮನೆಯ ಒಂದು ವರ್ಷದ ಕೂಸಿಗೆ ಭೇದಿ ಹತ್ತಿತು. ಎರಡನೆಯ ದಿನ ಅದರ ಕಣ್ಣು ಗುಳಿಬಿದ್ದಿದ್ದವು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ತಾಯಿ ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: ‘ಬಾಯಿ ಒಣಗೈತ್ರಿ ಆಯಿ, ಒಂದ ಗುಟುಕ ನೀರ ಹಾಕಲೇನ್ರಿ?’ ‘ಬ್ಯಾಡವ್ವಾ, ನೀರ ಹಾಕಿದ್ರ ಹೊರಕಡಿ ಮತ್ತ ಹೆಚ್ಚಾಗತೈತಿ’ ಎಂಬ ಉತ್ತರ ಬಂದಿತು. ಹಾಗೆ ಹೇಳಿದವಳು ನನ್ನ ಸ್ವಂತ ಆಯಿ. ಆ ಕೂಸನ್ನು ಎತ್ತಿ ಆಡಿಸಿದವಳೂ ಅವಳೇ. ಮೂರನೆಯ ದಿನ ಕೂಸು ಉಳಿಯಲಿಲ್ಲ. ಆಯಿಯದು ಕೇಡಿನ ಬುದ್ಧಿಯಲ್ಲ, ತಿಳಿಯದ ಬುದ್ಧಿ. ಆ ಕಾಲಕ್ಕೆ ನಾಡಿನ ತುಂಬ ಎಲ್ಲರೂ ನಂಬಿದ್ದು ಅದನ್ನೇ.

ಭೇದಿಯಲ್ಲಿ ಬರಿಯ ನೀರು ಕೊಟ್ಟರೆ ಸಾಲದೆಂಬುದು ನಿಜ. ಬರಿಯ ಉಪ್ಪುನೀರನ್ನೂ ಬೇನೆ ಹತ್ತಿದ ಕರುಳು ಚೆನ್ನಾಗಿ ಹೀರಿಕೊಳ್ಳದು. ಆದರೆ ಉಪ್ಪಿನ ಜೊತೆಗೆ ಸಕ್ಕರೆಯಿದ್ದರೆ ಮಾತೇ ಬೇರೆ. ಕರುಳಿನ ಗೋಡೆಯಲ್ಲಿ, ಜೋಡಿಯಾಗಿ ಬಂದವರನ್ನು ಮಾತ್ರ ಒಳಗೆ ಬಿಡುವ ಬಾಗಿಲೊಂದುಂಟು. ಅಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಕೈಹಿಡಿದುಕೊಂಡು ಒಳಹೋಗುತ್ತವೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಅಮೇರಿಕದ ರಾಬರ್ಟ್ ಕ್ರೇನ್ ಎಂಬವರು ೧೯೬೦ರಲ್ಲಿ ಈ ಮರ್ಮವನ್ನು ತಿಳಿಸಿದರು. ಭೇದಿ ಎಷ್ಟೇ ಇದ್ದರೂ ಈ ಬಾಗಿಲು ಸಾಮಾನ್ಯವಾಗಿ ಮುಚ್ಚುವುದಿಲ್ಲ.

೧೯೭೧ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಲದ ಬನಗಾಂವದಲ್ಲಿ ಕಿಕ್ಕಿರಿದಿದ್ದಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲಾಯಿನ್ ಮುಗಿಯುತ್ತ ಬಂದಿತು. ಆಗ ಕೋಲ್ಕತ್ತೆಯ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡಿಗೆ ಸೋಡಾ, ಗ್ಲೂಕೋಸ್ ಇವನ್ನು ತೂಗಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತಲೂ ಕೆಳಗಿಳಿಯಿತು. ರೇಡಿಯೋ ಕೇಳುವ ನಾವು ನೆನಪಿಡಬೇಕಾದ ಸಂಗತಿಯೊಂದುಂಟು: ಈ ಪಾನಕ ಮಾಡುವ ವಿಧಾನವನ್ನು ಆಗ ಬಾಂಗ್ಲಾದೇಶದ ಗುಪ್ತ ಬಾನುಲಿ ಕೇಂದ್ರವೊಂದರಿಂದಲೂ ಬಿತ್ತರಿಸಲಾಯಿತು. ಮಹಾಲನಬಿಸ್ ಅವರು ೨೦೨೨ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತಿತು.

ಇಂದು ಇದೇ ಪಾನಕ ಓ.ಆರ್.ಎಸ್. ಎಂಬ ಹೆಸರಿನಿಂದ ಆರೋಗ್ಯ ಕೇಂದ್ರಗಳಲ್ಲಿಯೂ ಔಷಧದ ಅಂಗಡಿಗಳಲ್ಲಿಯೂ ದೊರೆಯುತ್ತದೆ. ೨೦೦೨ರಿಂದ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವ ಅಳತೆಯ ಪ್ರಕಾರ ಒಂದು ಲೀಟರ್ ನೀರಿಗೆ ಉಪ್ಪು ೨.೬ ಗ್ರಾಂ, ಗ್ಲೂಕೋಸ್ ೧೩.೫ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ೧.೫ ಗ್ರಾಂ, ಸೋಡಿಯಂ ಸಿಟ್ರೇಟ್ ೨.೯ ಗ್ರಾಂ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಹಾಕಬೇಕು. ಅರ್ಧ ಹಾಕುವುದು, ಹಾಲಿನಲ್ಲಿ ಕಲಸುವುದು ಸಲ್ಲದು. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯಗಳು ಇದಕ್ಕೆ ಬದಲಾಗಲಾರವು. ಅವುಗಳಲ್ಲಿರುವ ಅತಿ ಸಕ್ಕರೆ ಭೇದಿಯನ್ನು ಹೆಚ್ಚಿಸಬಲ್ಲದು.

ಪೊಟ್ಟಣ ಸಿಗದ ಹೊತ್ತಿನಲ್ಲಿ ಹೀಗೆ ಮಾಡಬೇಕು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹದ ಚಮಚೆಯಿಂದ ಸಮತಟ್ಟಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಕಲಸಿ ನಾಲಗೆಗೆ ಹಚ್ಚಿ ನೋಡಬೇಕು, ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಚೆಲ್ಲಿಬಿಡಬೇಕು. ಒಮ್ಮೆ ಮಾಡಿದ್ದನ್ನು ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ಬಳಿಕ ೫೦ರಿಂದ ೧೦೦ ಮಿಲಿಲೀಟರ್, ಅದಕ್ಕೂ ದೊಡ್ಡ ಮಕ್ಕಳಿಗೆ ೧೦೦ರಿಂದ ೨೦೦. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚೆ ಚಮಚೆಯಾಗಿ ಕುಡಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು. ಉಣ್ಣುವ ಮಕ್ಕಳಿಗೆ ಗಂಜಿ, ತೆಳುವಾದ ಜೋಳದ ಅಂಬಲಿ, ಮಜ್ಜಿಗೆ, ಬಾಳೆಹಣ್ಣು ಕೊಡುತ್ತಿರಬೇಕು. ಪೊಟ್ಯಾಸಿಯಂ ಕೂಡ ಭೇದಿಯಲ್ಲಿ ಹೋಗುವುದರಿಂದ ಬಾಳೆಹಣ್ಣು, ಎಳನೀರು ಒಳ್ಳೆಯವು. ಮಕ್ಕಳ ಭೇದಿಗೆ ವೈದ್ಯರು ಸತುವಿನ ಮಾತ್ರೆಯನ್ನೂ ಕೊಡುತ್ತಾರೆ. ಅದನ್ನು ಹೇಳಿದಷ್ಟು ದಿನ ತಪ್ಪದೆ ನುಂಗಿಸಬೇಕು. ಆದರೆ ಮಗು ಕುಡಿಯಲಾರದಂತಾದರೆ, ಮಂಕಾಗಿ ಬಿದ್ದರೆ, ಮೂತ್ರ ನಿಂತರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಒಂದು ಗಳಿಗೆಯೂ ತಡಮಾಡದೆ ದವಾಖಾನೆಗೆ ಒಯ್ಯಬೇಕು. ದಾರಿಯಲ್ಲಿ ಕುಡಿಯಬಲ್ಲುದಾದರೆ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಲೇಖನ ಅರ್ಧವಾದೀತು. ಉಪ್ಪು ಬೇಕೆಂದರೆ ದಿನಾಲು ಹೇರಳವಾಗಿ ಬೇಕೆಂದಲ್ಲ. ದೊಡ್ಡವರಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹದ ಚಮಚೆಯೊಳಗೆ, ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಹೊಲದಲ್ಲಿ ದುಡಿಯುತ್ತಿದ್ದ ಅಜ್ಜನ ಊಟದ ಉಪ್ಪು ಬೆವರಾಗಿ ಹೋಗುತ್ತಿದ್ದಿತು. ಕುರ್ಚಿಯ ಮೇಲೆ ಕುಳಿತು ಉಪ್ಪಿನಕಾಯಿ, ಹಪ್ಪಳ, ಚುರುಮುರಿ ಖಾರ ತಿನ್ನುವ ಮೊಮ್ಮಗನಿಗೆ ಅದು ರಕ್ತದ ಒತ್ತಡವಾಗಿ ಉಳಿಯುತ್ತದೆ. ಮೂತ್ರಪಿಂಡದ ಬೇನೆಯವರಿಗೆ ಎಳನೀರು, ಬಾಳೆಹಣ್ಣುಗಳ ಪೊಟ್ಯಾಸಿಯಂ ಕೂಡ ಅಪಾಯಕಾರಿಯಾಗಬಹುದು. ಮೂತ್ರ ಹೋಗಿಸುವ ಗುಳಿಗೆ ತೆಗೆದುಕೊಳ್ಳುವ ಮುದುಕರು ಇದ್ದಕ್ಕಿದ್ದಂತೆ ಮಂಕಾದರೆ, ತಡಬಡಿಸಿ ಮಾತಾಡಿದರೆ ‘ವಯಸ್ಸಾಯಿತು’ ಎಂದು ಬಿಟ್ಟುಬಿಡದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಎಷ್ಟೋ ಸಲ ಅದು ಸೋಡಿಯಂ ಇಳಿದುದರ ಗುರುತು. ಇಂಥವರು ಉಪ್ಪನ್ನಾಗಲಿ ನೀರನ್ನಾಗಲಿ ವೈದ್ಯರನ್ನು ಕೇಳಿಯೇ ಹೆಚ್ಚು ಕಡಿಮೆ ಮಾಡಬೇಕು.

ಬನಗಾಂವದಲ್ಲಿ ಸಾವಿರಾರು ಜೀವ ಉಳಿದು ಎಂಟು ವರ್ಷ ಕಳೆದಿದ್ದರೂ ಆ ತಿಳಿವಳಿಕೆ ರಾಮದುರ್ಗದ ನಮ್ಮ ಓಣಿಗೆ ಬಂದು ಮುಟ್ಟಿರಲಿಲ್ಲ. ಆ ಮನೆಯಲ್ಲಿ ಸಕ್ಕರೆಯಿದ್ದಿತು, ಉಪ್ಪಿದ್ದಿತು, ತಾಯಿಯ ಕೈಯಲ್ಲಿ ತಂಬಿಗೆ ತುಂಬ ನೀರೂ ಇದ್ದಿತು. ಇಲ್ಲದ್ದು ಒಂದು ಮಾತು ಮಾತ್ರ. ಆ ಮಾತು ಈಗ ನಿಮ್ಮ ಮನೆಗೆ ಬಂದಿದೆ. ಓದಿದವರು ನೆರೆಮನೆಯವರಿಗೂ ಮನೆಗೆಲಸಕ್ಕೆ ಬರುವ ತಾಯಂದಿರಿಗೂ ಅದನ್ನು ಹೇಳಿದರೆ ಬರೆದದ್ದು ಸಾರ್ಥಕವಾಯಿತು.