‘ಕಪ್ಪ’: ಜಪಾನಿ ಭಾಷೆಯ ಮಳೆಯುಡುಪಿನ ಪದದ ಅರ್ಥ, ಮೂಲ ಮತ್ತು ದೇಶ್ಯೀಕರಣ

ಎರವಲು ಪದವೊಂದು ಸ್ವೀಕರಿಸಿದ ಭಾಷೆಯಲ್ಲಿ ಎಷ್ಟರಮಟ್ಟಿಗೆ ನೆಲೆಗೊಂಡಿದೆ ಎಂಬುದನ್ನು ನಿರ್ಣಯಿಸಲು ಅದರ ಲಿಪಿರೂಪಕ್ಕಿಂತ ಸಮಾಸದಲ್ಲಿ ಅದು ತೋರುವ ವರ್ತನೆಯೇ ಹೆಚ್ಚು ವಿಶ್ವಾಸಾರ್ಹವಾದ ಆಧಾರವೆಂಬುದು ನಮ್ಮ ವಾದ. ಜಪಾನಿಯಲ್ಲಿ ಮಳೆಯುಡುಪನ್ನು ಸೂಚಿಸುವ ‘ಕಪ್ಪ’ ಪದವನ್ನು ಇದಕ್ಕೆ ನಿದರ್ಶನವಾಗಿ ಪರಿಶೀಲಿಸುತ್ತೇವೆ.

1. ಮೂಲ ಮತ್ತು ಅರ್ಥ

ಪೋರ್ಚುಗೀಸರು 1543ರಲ್ಲಿ ಜಪಾನನ್ನು ತಲುಪಿದರು. ಅವರ ಭಾಷೆಯ ‘ಕಾಪ’ ಎಂದರೆ ಹೆಗಲಿನಿಂದ ಇಳಿಬೀಳುವ ನಿಲುವಂಗಿ. ಅದಕ್ಕೂ ಮಳೆಗೂ ನಿಯತ ಸಂಬಂಧವಿರಲಿಲ್ಲ. ಜಪಾನಿನಲ್ಲಿ ಹುಲ್ಲಿನಿಂದ ಹೆಣೆದ ‘ಮಿನೊ’ ಎಂಬ ಮಳೆಹೊದಿಕೆ ಮೊದಲೇ ಬಳಕೆಯಲ್ಲಿತ್ತು. ಎದೊ ಕಾಲದಲ್ಲಿ ಎಣ್ಣೆ ಸವರಿದ ಕಾಗದದಿಂದಲೂ ಹತ್ತಿಬಟ್ಟೆಯಿಂದಲೂ ‘ಕಪ್ಪ’ಗಳು ತಯಾರಾದವು. ಹೀಗೆ ‘ನಿಲುವಂಗಿ’ ಎಂಬ ಅರ್ಥ ‘ಮಳೆಯುಡುಪು’ ಎಂದು ಸಂಕುಚಿತವಾಯಿತು.

2. ಲಿಪಿ ಮತ್ತು ಸಮಧ್ವನಿ

ಈ ಪದವನ್ನು ‘ಕೂಡು’ ಮತ್ತು ‘ರೆಕ್ಕೆ’ ಎಂಬ ಅರ್ಥಗಳ ಎರಡು ಚೀನೀ ಅಕ್ಷರಗಳಿಂದ ಬರೆಯುವುದುಂಟು. ಆದರೆ ಅವು ಉಚ್ಚಾರಣೆಗಾಗಿ ಹೊಂದಿಸಿದ ಅಕ್ಷರಗಳು. ಅವುಗಳ ಅರ್ಥದಿಂದ ವ್ಯುತ್ಪತ್ತಿಯನ್ನು ಹೇಳಲಾಗದು. ಜಾನಪದದ ಜಲಜೀವಿಯಾದ ‘ಕಪ್ಪ’ವೂ ಬೇರೆಯೇ ಪದ: ಅದು ‘ನದಿ’ ಮತ್ತು ‘ಬಾಲಕ’ ಎಂಬ ಅರ್ಥದ ದೇಶ್ಯ ಪದಗಳ ಕೂಡಿಕೆಯಿಂದ ಹುಟ್ಟಿದೆ. ನೀರಿನ ನಂಟು ಎರಡಕ್ಕೂ ಇರುವುದು ಕೇವಲ ಆಕಸ್ಮಿಕ.

3. ಸಮಾಸದ ಸಾಕ್ಷ್ಯ

ಜಪಾನಿ ಸಮಾಸದಲ್ಲಿ ಉತ್ತರಪದದ ಮೊದಲ ಅಘೋಷ ವ್ಯಂಜನ ಘೋಷವಾಗುವುದನ್ನು ‘ರೆಂದಾಕು’ ಎನ್ನುತ್ತಾರೆ. ಇದು ಮುಖ್ಯವಾಗಿ ದೇಶ್ಯ ಪದಗಳ ಲಕ್ಷಣ. ಈಚಿನ ಪಾಶ್ಚಾತ್ಯ ಎರವಲುಗಳು ಸಾಮಾನ್ಯವಾಗಿ ಇದಕ್ಕೆ ಒಳಪಡುವುದಿಲ್ಲ. ‘ಮಳೆ’ ಎಂಬ ಅರ್ಥದ ‘ಅಮೆ’ಯು ಪೂರ್ವಪದವಾದಾಗ ‘ಅಮ’ ಎಂದಾಗುತ್ತದೆ. ಈ ಮೂರು ರೂಪಗಳನ್ನು ಹೋಲಿಸಬಹುದು:

ಅಮ + ಕಸ (ಕೊಡೆ) > ಅಮಗಸ
ಅಮ + ಕಪ್ಪ > ಅಮಗಪ್ಪ
ಅಮ + ಕೋಟೊ (ಕೋಟು) > ಅಮಕೋಟೊ

ಪೂರ್ವಪದ ಒಂದೇ, ಉತ್ತರಪದಗಳ ಆದಿವ್ಯಂಜನವೂ ಒಂದೇ. ಆದರೂ ಪೋರ್ಚುಗೀಸ್ ಮೂಲದ ‘ಕಪ್ಪ’ ದೇಶ್ಯವಾದ ‘ಕಸ’ದ ಜೊತೆ ನಿಲ್ಲುತ್ತದೆ, ಇಂಗ್ಲಿಷಿನಿಂದ ಬಂದ ‘ಕೋಟೊ’ ಹೊರಗುಳಿಯುತ್ತದೆ. ‘ಇಸ್ಪೀಟು’ ಎಂಬ ಅರ್ಥದ ‘ಕರುತ’ವೂ ಪೋರ್ಚುಗೀಸಿನದೇ, ಅದೂ ‘ಇರೊಹಗರುತ’ ಎಂಬಲ್ಲಿ ಘೋಷವಾಗುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ದೇಶ್ಯ ಪದಗಳಲ್ಲಿಯೂ ರೆಂದಾಕು ಅನಿವಾರ್ಯವಲ್ಲ: ‘ಬೆಟ್ಟ’ದ ‘ಯಮ’ ಮತ್ತು ‘ಗಾಳಿ’ಯ ‘ಕಜೆ’ ಸೇರಿ ‘ಯಮಕಜೆ’ ಆಗುತ್ತದೆ, ಉತ್ತರಪದದಲ್ಲಿ ಈಗಾಗಲೇ ಇರುವ ಘೋಷ ವ್ಯಂಜನ ಬದಲಾವಣೆಯನ್ನು ತಡೆಯುತ್ತದೆ. ಆದ್ದರಿಂದ ಘೋಷೀಕರಣದ ಅಭಾವ ಪರಕೀಯತೆಗೆ ಪ್ರಮಾಣವಾಗದು; ಅದರ ಇರುವಿಕೆ ಮಾತ್ರ ದೇಶ್ಯೀಕರಣಕ್ಕೆ ಬಲವಾದ ಸಾಕ್ಷಿ.

4. ಕನ್ನಡದ ಸಾದೃಶ್ಯ

ಕನ್ನಡದ ಆದೇಶಸಂಧಿಯಲ್ಲಿಯೂ ಇಂಥದೇ ಸ್ಥಿತಿ ಕಾಣುತ್ತದೆ. ಸಂಸ್ಕೃತದ ‘ಕಾಲ’ವು ‘ಮಳೆ’ಯೊಡನೆ ಸೇರಿ ‘ಮಳೆಗಾಲ’ವಾಗುವಾಗ ದೇಶ್ಯ ಪದದಂತೆಯೇ ನಡೆದುಕೊಳ್ಳುತ್ತದೆ. ‘ರೈನ್‌ಕೋಟು’ ಇಡಿಯಾಗಿ ಬಂದ ಎರವಲಾದುದರಿಂದ ಈ ಪರೀಕ್ಷೆಗೇ ಒಳಪಡುವುದಿಲ್ಲ.

ಪದದ ಮೂಲವನ್ನು ಚರಿತ್ರೆ ತಿಳಿಸುತ್ತದೆ. ಅದರ ಇಂದಿನ ಸ್ಥಾನವನ್ನು ಆಯಾ ಭಾಷೆಯ ವ್ಯಾಕರಣ ನಿರ್ಧರಿಸುತ್ತದೆ. ಎರವಲು ಪದಗಳ ವರ್ಗೀಕರಣದಲ್ಲಿ ಇವೆರಡನ್ನೂ ಪ್ರತ್ಯೇಕವಾಗಿ ದಾಖಲಿಸುವುದು ಯುಕ್ತವೆಂದು ಭಾವಿಸುತ್ತೇವೆ.