ತಲಾ ಆದಾಯ: ಜಿಲ್ಲೆಯ ಸರಾಸರಿ ಮತ್ತು ಪಶ್ಚಿಮ ತಾಲ್ಲೂಕುಗಳು

ಒಂದು ಪ್ರದೇಶದಲ್ಲಿ ವರ್ಷವೊಂದರಲ್ಲಿ ಉತ್ಪಾದನೆಯಾದ ಸರಕು-ಸೇವೆಗಳ ನಿವ್ವಳ ಮೌಲ್ಯವನ್ನು ಜನಸಂಖ್ಯೆಯಿಂದ ಭಾಗಿಸಿದರೆ ಬರುವುದೇ ತಲಾ ಆದಾಯ. 1980ರ ಸುಮಾರಿಗೆ ಕರ್ನಾಟಕದ ತಲಾ ಆದಾಯವು ರಾಷ್ಟ್ರದ ಸರಾಸರಿಯ ಆಸುಪಾಸಿನಲ್ಲಿತ್ತು. ಇಂದು ಅದಕ್ಕಿಂತ ಬಹಳ ಮೇಲಿದೆ. ಹಾಗೆಂದು ಕೂಡ್ಲಿಗಿಯ ಖುಷ್ಕಿ ರೈತನ ಆದಾಯವೂ ಅಷ್ಟೇ ಏರಿತೆಂದು ತಿಳಿಯಬಾರದು.

ಐದು ಮನೆಗಳ ಪೈಕಿ ನಾಲ್ಕಕ್ಕೆ ತಲಾ 100 ರೂ., ಒಂದಕ್ಕೆ 600 ರೂ. ಬಂದರೆ ಸರಾಸರಿ 200 ರೂ. ಆಗುತ್ತದೆ. ನಾಲ್ಕು ಮನೆಯವರು ಆ 200 ರೂಪಾಯಿಯನ್ನು ಕಂಡೇ ಇರುವುದಿಲ್ಲ! ಹಳೆಯ ಬಳ್ಳಾರಿ ಜಿಲ್ಲೆಯ ಲೆಕ್ಕವೂ ಹೀಗೆಯೇ. ಸಂಡೂರು-ಹೊಸಪೇಟೆ ಭಾಗದ ಕಬ್ಬಿಣದ ಅದಿರು, ತೋರಣಗಲ್ಲಿನ ಉಕ್ಕು ಜಿಲ್ಲೆಯ ಸರಾಸರಿಯನ್ನು ಮೇಲೆತ್ತಿದವು. ಲಾಭ ಯಾವ ಊರಿಗೆ ಹೋದರೂ ಉತ್ಪಾದನೆಯ ಮೌಲ್ಯ ಅದಿರು ಅಗೆದ ಜಿಲ್ಲೆಯ ಲೆಕ್ಕಕ್ಕೇ ಸೇರುತ್ತದೆ.

ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ತಾಲ್ಲೂಕು ಮಟ್ಟಕ್ಕಿಳಿದು, ಆದಾಯವೊಂದನ್ನೇ ನೆಚ್ಚದೆ, 35 ಸೂಚಕಗಳಿಂದ ಅಳೆಯಿತು. ಅದರ 2002ರ ವರದಿಯು 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದೂ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಕೂಡ್ಲಿಗಿ (ಆಗ ಕೊಟ್ಟೂರು ಇದರಲ್ಲೇ ಇತ್ತು) ಮತ್ತು ಹರಪನಹಳ್ಳಿ ಈ 39ರಲ್ಲಿವೆ. ಅದಿರಿನ ಸಂಡೂರು ಕೂಡ ಅದೇ ಪಟ್ಟಿಯಲ್ಲಿದೆ! ಹಡಗಲಿ, ಹಗರಿಬೊಮ್ಮನಹಳ್ಳಿಗಳೂ 114ರಿಂದ ಹೊರಗುಳಿದಿಲ್ಲ.

ವರ್ಷಗಳನ್ನು ಹೋಲಿಸುವಾಗ ಮತ್ತೊಂದು ತೊಡಕುಂಟು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ಈ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ಹಳೆಯ ಅಂಕಿಗಳನ್ನು ಇಂದಿನವುಗಳ ಪಕ್ಕದಲ್ಲಿಡುವ ಮೊದಲು ಜಿಲ್ಲೆಯ ಗಡಿಯನ್ನೂ, ಲೆಕ್ಕ ಚಾಲ್ತಿ ಬೆಲೆಯದೋ ಸ್ಥಿರ ಬೆಲೆಯದೋ ಎಂಬುದನ್ನೂ ನೋಡಿಕೊಳ್ಳಬೇಕು.