ಮದುವೆ ಆದ್ರೆ ಟ್ಯಾಕ್ಸ್ ಕಮ್ಮಿ ಆಗುತ್ತಾ?

ಮದುವೆ ಸೀಸನ್ ಶುರುವಾದ್ರೆ ಸಾಕು, ನನ್ನ ಇನ್‌ಬಾಕ್ಸ್‌ನಲ್ಲಿ ಒಂದೇ ಪ್ರಶ್ನೆ: "ಮದುವೆ ಆದ್ಮೇಲೆ ಟ್ಯಾಕ್ಸ್ ಕಮ್ಮಿ ಆಗುತ್ತಾ?" ನೇರವಾಗಿ ಹೇಳಿಬಿಡ್ತೀನಿ. ಭಾರತದಲ್ಲಿ ತಾಳಿ ಕಟ್ಟಿದ ಕಾರಣಕ್ಕೇ ಟ್ಯಾಕ್ಸ್ ಕಮ್ಮಿಯೂ ಆಗಲ್ಲ, ಜಾಸ್ತಿಯೂ ಆಗಲ್ಲ. ಆದ್ರೆ ಮದುವೆ ಆದ ದಿನದಿಂದ ನಿಮ್ಮಿಬ್ಬರ ಮಧ್ಯೆ ಓಡಾಡೋ ದುಡ್ಡಿನ ಮೇಲೆ ಕಾನೂನು ಒಂದು ಕಣ್ಣಿಟ್ಟಿರುತ್ತೆ.

ಅಮೆರಿಕದಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕಬಹುದು. ನಮ್ಮಲ್ಲಿ ಆ ಸೌಲಭ್ಯ ಇಲ್ಲ. ಅವರವರ ಪ್ಯಾನ್, ಅವರವರ ಆದಾಯ, ಅವರವರ ರಿಟರ್ನ್. ಇದರ ಪರಿಣಾಮ ಏನು ಅಂತ 2025-26ರ ಹೊಸ ತೆರಿಗೆ ಪದ್ಧತಿಯ ಲೆಕ್ಕದಲ್ಲಿ ನೋಡೋಣ.

ಒಂದು ಮನೆಯಲ್ಲಿ ಇಬ್ಬರಿಗೂ ತಲಾ 12 ಲಕ್ಷ ಸಂಬಳ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ರಿಬೇಟ್ ಸೇರಿಸಿದ್ರೆ ಇಬ್ಬರ ಟ್ಯಾಕ್ಸೂ ಸೊನ್ನೆ. ಪಕ್ಕದ ಮನೆಯಲ್ಲಿ ಗಂಡನಿಗೆ 24 ಲಕ್ಷ ಸಂಬಳ, ಹೆಂಡತಿ ಮನೆ, ಮಕ್ಕಳು, ಅತ್ತೆ ಮಾವ ಎಲ್ಲ ನೋಡ್ಕೋತಾರೆ. ಅಲ್ಲಿ ಟ್ಯಾಕ್ಸ್ ಸೆಸ್ ಸೇರಿ 2,92,500 ರೂಪಾಯಿ. ಎರಡೂ ಮನೆಗೆ ಬರೋದು ಅದೇ 24 ಲಕ್ಷ!

ಈಗ ಎಲ್ಲರ ತಲೆಗೂ ಬರೋ ಐಡಿಯಾ ಒಂದೇ: "ದುಡ್ಡನ್ನ ಹೆಂಡತಿ ಹೆಸರಿಗೆ ಹಾಕಿದ್ರೆ ಆಯ್ತಲ್ಲ?" ಸಂಬಳವನ್ನಂತೂ ಹಾಗೆ ಹಂಚೋಕೆ ಆಗಲ್ಲ. ಉಳಿತಾಯವನ್ನ ಕೊಡಬಹುದು. ಗಂಡ ಹೆಂಡತಿಗೆ ಎಷ್ಟು ಕೊಟ್ರೂ ಆ ಗಿಫ್ಟ್ ಮೇಲೆ ಟ್ಯಾಕ್ಸ್ ಇಲ್ಲ. ಆದ್ರೆ ಆ ದುಡ್ಡು ದುಡಿಯೋ ಆದಾಯ ಕೊಟ್ಟವರ ಲೆಕ್ಕಕ್ಕೇ ವಾಪಸ್ ಬರುತ್ತೆ. ಇದಕ್ಕೆ ಕ್ಲಬ್ಬಿಂಗ್ ಅಂತಾರೆ. 1961ರ ಕಾಯ್ದೆಯಲ್ಲಿ ಇದು ಕಲಂ 64. 2025ರ ಹೊಸ ಕಾಯ್ದೆಯಲ್ಲೂ ಈ ನಿಯಮ ಉಳ್ಕೊಂಡಿದೆ. ಹೆಂಡತಿ ಗಂಡನಿಗೆ ಕೊಟ್ರೂ ಇದೇ ನಿಯಮ.

ಉದಾಹರಣೆಗೆ, 30% ಸ್ಲ್ಯಾಬ್‌ನಲ್ಲಿರೋ ಗಂಡ 10 ಲಕ್ಷವನ್ನ ಹೆಂಡತಿಗೆ ಕೊಟ್ಟು, ಅವರ ಹೆಸರಲ್ಲಿ ಎಫ್‌ಡಿ ಮಾಡಿಸಿದ ಅಂತಿಟ್ಕೊಳ್ಳಿ. 7% ಬಡ್ಡಿ ಅಂದ್ರೆ ವರ್ಷಕ್ಕೆ 70,000. ಅದನ್ನ ಗಂಡನೇ ತನ್ನ ರಿಟರ್ನ್‌ನಲ್ಲಿ ತೋರಿಸಬೇಕು. ಸೆಸ್ ಸೇರಿ 21,840 ರೂಪಾಯಿ ಟ್ಯಾಕ್ಸ್. ಆದ್ರೆ ಬ್ಯಾಂಕ್ ಆ ಬಡ್ಡಿಯನ್ನ ವರದಿ ಮಾಡೋದು ಹೆಂಡತಿಯ ಪ್ಯಾನ್ ಮೇಲೆ. ಹಾಗಾಗಿ ಗಂಡ ಅದನ್ನ ಬಿಟ್ರೆ, ಪ್ರಶ್ನೆ ಇಬ್ಬರಿಗೂ ಬರಬಹುದು.

ಒಂದು ಸಣ್ಣ ಸಮಾಧಾನ ಇದೆ. ಆ 70,000ವನ್ನ ಹೆಂಡತಿ ಮತ್ತೆ ಹೂಡಿಕೆ ಮಾಡಿದ್ರೆ, ಅದರಿಂದ ಬರೋ ಆದಾಯ ಅವರದ್ದೇ. ಬಡ್ಡಿಯ ಮೇಲಿನ ಬಡ್ಡಿಗೆ ಕ್ಲಬ್ಬಿಂಗ್ ಇಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಟ್ಯಾಕ್ಸ್ ಯಾರು ಕಟ್ತಾರೆ ಅನ್ನೋದು ಬೇರೆ, ದುಡ್ಡು ಯಾರದ್ದು ಅನ್ನೋದು ಬೇರೆ. ನಿಜವಾಗಿ ಗಿಫ್ಟ್ ಅಂತ ಕೊಟ್ಟ ಮೇಲೆ ಆ 10 ಲಕ್ಷ ಹೆಂಡತಿಯದ್ದು. "ಟ್ಯಾಕ್ಸ್ ನಾನ್ ಕಟ್ತಿದೀನಿ, ಹಾಗಾಗಿ ದುಡ್ಡೂ ನಂದೇ" ಅನ್ನೋ ವಾದಕ್ಕೆ ಕ್ಲಬ್ಬಿಂಗ್ ನಿಯಮದಲ್ಲಿ ಆಧಾರ ಇಲ್ಲ.

ಮದುವೆಗೆ ಮುಂಚೆ ಕೊಟ್ರೆ? 1963ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಕೇಸ್ ಬಂದಿತ್ತು. ಒಬ್ಬರು ತಮ್ಮ ಭಾವಿ ಪತ್ನಿಗೆ ಷೇರು ವರ್ಗಾಯಿಸಿದ್ರು. ಕೊಟ್ಟ ದಿನವೂ ಗಂಡ ಹೆಂಡತಿ ಸಂಬಂಧ ಇರಬೇಕು, ಆದಾಯ ಬರೋ ದಿನವೂ ಇರಬೇಕು, ಆಗ ಮಾತ್ರ ಕ್ಲಬ್ಬಿಂಗ್ ಅಂತ ಕೋರ್ಟ್ ಹೇಳ್ತು. ಇದನ್ನ ಕೇಳಿ ನಾಳೆನೇ ಟ್ರಾನ್ಸ್‌ಫರ್ ಮಾಡ್ಬೇಡಿ. ಇವತ್ತಿನ ಕಾನೂನಲ್ಲಿ ನಿಶ್ಚಿತಾರ್ಥ ಆದವರು ಇನ್ನೂ 'ಸಂಬಂಧಿ' ಅಲ್ಲ. ಮದುವೆಯ ಉಡುಗೊರೆ ಅಲ್ಲದೆ ವರ್ಷಕ್ಕೆ 50,000 ದಾಟಿ ದುಡ್ಡು ಬಂದ್ರೆ, ಪಡೆದವರ ಆದಾಯಕ್ಕೆ ಅಷ್ಟೂ ಸೇರುತ್ತೆ.

ಇನ್ನು ಮುಯ್ಯಿ. ಇದು ನಿಜವಾದ ರಿಯಾಯಿತಿ. ಮದುವೆ ಸಂದರ್ಭದಲ್ಲಿ ವಧು ವರರಿಗೆ ಬರೋ ಉಡುಗೊರೆಗೆ, ಕೊಟ್ಟವರು ಯಾರೇ ಆಗಿರಲಿ, ಟ್ಯಾಕ್ಸ್ ಇಲ್ಲ, ಮಿತಿಯೂ ಇಲ್ಲ. ಆದ್ರೆ ಇದು ಮದುವೆ ಆಗೋ ಇಬ್ಬರಿಗೆ ಮಾತ್ರ. ಅಪ್ಪ ಅಮ್ಮನ ಕೈಗೆ ಅವರ ಸ್ನೇಹಿತರು ಕೊಟ್ಟಿದ್ದಕ್ಕೆ ಈ ವಿನಾಯಿತಿ ಸಿಗಲ್ಲ. ಒಬ್ಬರಿಂದ ನಗದು 2 ಲಕ್ಷ ಅಥವಾ ಹೆಚ್ಚು ತಗೊಳ್ಳೋ ಹಾಗೂ ಇಲ್ಲ. ತಗೊಂಡ್ರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮುಯ್ಯಿ ಪುಸ್ತಕ ಬರೆಯೋ ನಮ್ಮ ಹಳೇ ಅಭ್ಯಾಸ ಇಲ್ಲಿ ಒಳ್ಳೇ ದಾಖಲೆ. ಅದನ್ನ ಅಟ್ಟಕ್ಕೆ ಎಸೀಬೇಡಿ.

ಇಬ್ಬರೂ ದುಡೀತಿದ್ದು, ಮನೆಗೆ ಇಬ್ಬರೂ ಮಾಲೀಕರಾಗಿ, ಸಾಲವೂ ಇಬ್ಬರ ಹೆಸರಲ್ಲಿದ್ದು, ಕಂತನ್ನ ಇಬ್ಬರೂ ಕಟ್ತಿದ್ರೆ, ಹಳೇ ತೆರಿಗೆ ಪದ್ಧತಿಯಲ್ಲಿ ಒಬ್ಬೊಬ್ಬರೂ ಬಡ್ಡಿಗೆ 2 ಲಕ್ಷದವರೆಗೆ ಕಡಿತ ಪಡೀಬಹುದು. ಸ್ವಂತ ವಾಸದ ಮನೆಗೆ ಹೊಸ ಪದ್ಧತಿಯಲ್ಲಿ ಇದು ಇಲ್ಲ.

ಹಾಗಾದ್ರೆ ಏನು ಮಾಡ್ಬೇಕು? ಹೊಸ ಜೋಡಿಗಳಿಗೆ ನಾನು ಹೇಳೋದು ಮೂರೇ. ಒಂದು, ತವರಿಂದ ಬಂದಿದ್ದು, ಸ್ವಂತ ಸಂಬಳದ್ದು, ಗಂಡ ಕೊಟ್ಟಿದ್ದು, ಇವನ್ನೆಲ್ಲ ಒಂದೇ ಖಾತೆಗೆ ಸುರೀಬೇಡಿ. ಆಮೇಲೆ ಯಾವುದು ಯಾರದ್ದು ಅಂತ ಬಿಡಿಸೋಕೆ ಆಗಲ್ಲ. ಎರಡು, ಒಬ್ಬರಿಗೊಬ್ಬರು ದೊಡ್ಡ ಮೊತ್ತ ಕೊಡೋದಾದ್ರೆ ಬ್ಯಾಂಕ್ ಮೂಲಕವೇ ಕೊಡಿ, ಗಿಫ್ಟೋ ಸಾಲವೋ ಅಂತ ಒಂದು ಕಾಗದದಲ್ಲಿ ಬರೆದಿಡಿ. ಮೂರು, ಇದು ಮುಖ್ಯವಾಗಿ ಹೆಣ್ಣುಮಕ್ಕಳಿಗೆ: ಇ-ಫೈಲಿಂಗ್ ಪೋರ್ಟಲ್‌ಗೆ ನೀವೇ ಲಾಗಿನ್ ಆಗಿ, ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿ, ಅಂದ್ರೆ ಎಐಎಸ್ ತೆಗೆದು ನೋಡಿ. ನಿಮ್ಮ ಹೆಸರಲ್ಲಿ ಯಾವ ಎಫ್‌ಡಿ ಇದೆ, ಯಾವ ಷೇರು ಮಾರಾಟ ಆಗಿದೆ ಅನ್ನೋದು ಅಲ್ಲೇ ಕಾಣಿಸುತ್ತೆ. ಮನೆಯ ಲೆಕ್ಕ ಯಾರೇ ನೋಡ್ಕೊಳ್ಳಲಿ, ನಿಮ್ಮ ಪ್ಯಾನ್‌ನ ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ.